ಗ್ಯಾಸ್ ಹೋಗ್ಯಾದ್ರಿ ಸರ್

ಎಸಿ ತಂಪು ಮಾಡುತ್ತಿಲ್ಲ ಎಂದು ಯಾರಿಗೆ ಹೇಳಿದರೂ ಬರುವ ಮೊದಲ ಮಾತು ಒಂದೇ. ಗ್ಯಾಸ್ ಹೋಗಿರಬೇಕು. ಪಕ್ಕದ ಮನೆಯವರು ಹೇಳುತ್ತಾರೆ, ಆಫೀಸಿನ ಗೆಳೆಯ ಹೇಳುತ್ತಾನೆ, ಕೊನೆಗೆ ಬೈಕಿನಲ್ಲಿ ಬ್ಯಾಗ್ ನೇತುಹಾಕಿಕೊಂಡು ಬರುವ ಮೆಕ್ಯಾನಿಕ್ ಕೂಡ ಅದನ್ನೇ ಹೇಳುತ್ತಾನೆ. ನಮ್ಮ ಕಲಬುರಗಿಯಲ್ಲಿ ಅದು "ಗ್ಯಾಸ್ ಹೋಗ್ಯಾದ್ರಿ ಸರ್" ಆಗುತ್ತದೆ. ಕೆಲವು ಸಲ ಅವನು ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಕಾರಣ ಗೊತ್ತಾಗಿಬಿಟ್ಟಿರುತ್ತದೆ.

ನಿಜಕ್ಕೂ ಗ್ಯಾಸ್ ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಎಲ್ಲೂ ಸೋರದಿದ್ದರೆ ಹತ್ತು ವರ್ಷ ಕಳೆದರೂ ಹಾಕಿದಷ್ಟು ಹಾಗೇ ಇರುತ್ತದೆ. ಹೀಗಿರುವಾಗ "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಆ ಜಾಗ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಅದೇ ಕತೆ, ಅದೇ ಬಿಲ್ಲು.

ಎಸಿ ಕೆಟ್ಟಾಗ ಗ್ಯಾಸಿನ ಬಗ್ಗೆ ಯೋಚಿಸುವ ಮೊದಲು ಶಾಖದ ಬಗ್ಗೆ ಯೋಚಿಸಬೇಕು ಎಂದು ನನಗೆ ಅನಿಸುತ್ತದೆ. ಎಸಿ ತಂಪನ್ನು ತಯಾರಿಸುವುದಿಲ್ಲ. ಮಳೆಗಾಲದಲ್ಲಿ ಮನೆಯೊಳಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತೇವಲ್ಲ, ಅದೇ ರೀತಿ ಕೋಣೆಯ ಶಾಖವನ್ನು ಮೊಗೆದು ಹೊರಗೆ ಚೆಲ್ಲುತ್ತದೆ. ಒಳಗಿನ ಯೂನಿಟ್ಟಿನ ಕಾಯಿಲ್‌ನಲ್ಲಿ, ಅಂದರೆ ಸುತ್ತಿಸುತ್ತಿ ಹೋಗುವ ಕೊಳವೆಯಲ್ಲಿ, ಗ್ಯಾಸ್ ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಇನ್ನೂ ಬಿಸಿ ಮಾಡಿ ಹೊರಗಿನ ಕಾಯಿಲ್‌ಗೆ ತಳ್ಳುತ್ತದೆ. ಅಲ್ಲಿ ಫ್ಯಾನ್ ಆ ಬಿಸಿಯನ್ನು ಗಾಳಿಗೆ ಊದುತ್ತದೆ. ತಂಪು ಬರುತ್ತಿಲ್ಲ ಎಂದರೆ ಈ ದಾರಿಯಲ್ಲಿ ಶಾಖ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಅಥವಾ ಮೊಗೆಯುವುದಕ್ಕಿಂತ ಜಾಸ್ತಿ ಒಳಗೆ ಬರುತ್ತಿದೆ.

ಈ ಎರಡನೆಯದನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ವಾಡಿಕೆ. 42 ಡಿಗ್ರಿ ಅನ್ನುವುದು ಸುದ್ದಿಯೇ ಅಲ್ಲ. ಎಸಿಯ ಡಬ್ಬಿಯ ಮೇಲೆ 1.5 ಟನ್ ಎಂದು ಬರೆದಿರುತ್ತದೆ. ಈ ಟನ್ ಅನ್ನುವುದು ಮಂಜುಗಡ್ಡೆಯ ಕಾಲದಿಂದ ಬಂದ ಅಳತೆ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಹೀರುವ ಶಾಖ. ಈಗಿನ ಲೆಕ್ಕದಲ್ಲಿ ಗಂಟೆಗೆ 12,000 ಬಿಟಿಯು (ಶಾಖದ ಇನ್ನೊಂದು ಅಳತೆ), ಅಂದರೆ ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ ಎಂದರೆ ಸುಮಾರು 5.3 ಕಿಲೋವ್ಯಾಟ್. ಆದರೆ ಸಾಮಾನ್ಯವಾಗಿ ಈ ಅಂಕಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವಾಗ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮಹಡಿಯ ಬಿಸಿಲಲ್ಲಿ ಕೂತ ಯೂನಿಟ್ಟಿಗೆ 35 ಡಿಗ್ರಿ ಗಾಳಿ ಎಲ್ಲಿಂದ ಸಿಗಬೇಕು? ಅದೇ ಎಸಿ ಆ ಹೊತ್ತಿಗೆ ಒಂದೂವರೆ ಟನ್ ಆಗಿರುವುದಿಲ್ಲ. ಶಾಖ ಜಾಸ್ತಿ ಮೊಗೆಯಬೇಕಾದ ಹೊತ್ತಲ್ಲೇ ಯಂತ್ರದ ತಾಕತ್ತು ಕಡಿಮೆ.

ಜೊತೆಗೆ ಮೇಲಿನ ಆರ್‌ಸಿಸಿ ಸ್ಲ್ಯಾಬ್. ನಮ್ಮ ಹಳೆಯ ಮಾಳಿಗೆ ಮನೆಗಳ ಮೇಲೆ ದಪ್ಪ ಮಣ್ಣಿತ್ತು, ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿ ಹೋಗುತ್ತಿತ್ತು. ಈಗಿನ ಬರೀ ಸ್ಲ್ಯಾಬ್ ದಿನವಿಡೀ ಕಾದು ರಾತ್ರಿ ಹತ್ತರವರೆಗೂ ಕೋಣೆಯೊಳಗೆ ಶಾಖ ಸುರಿಯುತ್ತದೆ. ಮೇಲಂತಸ್ತಿನ ಕೋಣೆಯಲ್ಲಿ ಕೈ ಎತ್ತಿ ಸೀಲಿಂಗ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಬೆಳಗಿನ ಜಾವ ಐದಕ್ಕೋ ಆರಕ್ಕೋ ಎದ್ದು ಎಸಿ ಹಾಕಿ. ಆಗ ಕೋಣೆ ಸರಿಯಾಗಿ ತಂಪಾಗಿ, ಮಧ್ಯಾಹ್ನ ಮಾತ್ರ ಆಗದಿದ್ದರೆ ಯಂತ್ರದ ಹೊಟ್ಟೆ ಹೆಚ್ಚು ಕಡಿಮೆ ಸರಿಯಿದೆ. ತೊಂದರೆ ಸ್ಲ್ಯಾಬಿನಲ್ಲಿ, ಪಶ್ಚಿಮದ ಕಿಟಕಿಯಲ್ಲಿ ಅಥವಾ ಹೊರಗಿನ ಯೂನಿಟ್ಟಿಗೆ ಸಿಗುವ ಗಾಳಿಯಲ್ಲಿದೆ. ಬೆಳಗಿನ ಜಾವವೂ ಬೆಚ್ಚಗಿನ ಗಾಳಿಯೇ ಬಂದರೆ ಮಾತ್ರ ಯಂತ್ರದೊಳಗೆ ಹುಡುಕಬೇಕು. ಸ್ವಲ್ಪವೇ ಗ್ಯಾಸ್ ಕಡಿಮೆಯಾಗಿದ್ದರೆ ಈ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಳ್ಳಬಹುದು, ನಿಜ. ಆದರೂ ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ.

ಇನ್ನೊಂದು ಸುಲಭದ ಅಳತೆ ಇದೆ. ಸಾಧಾರಣ ಥರ್ಮಾಮೀಟರ್ ಒಂದನ್ನು (ಜ್ವರ ನೋಡುವುದಲ್ಲ) ಒಳಗಿನ ಯೂನಿಟ್ಟಿನ ಮೇಲ್ಭಾಗದಲ್ಲಿ, ಗಾಳಿ ಒಳಗೆ ಹೋಗುವಲ್ಲಿ ಇಟ್ಟು ನೋಡಿ. ಆಮೇಲೆ ಗಾಳಿ ಹೊರಬರುವಲ್ಲಿ ಇಡಿ. ಎಸಿ ಕಾಲು ಗಂಟೆ ಓಡಿದ ಮೇಲೆ ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯಂತ್ರ ಕೆಲಸ ಮಾಡುತ್ತಿದೆ. ನಮ್ಮ ಒಣ ಹವೆಯಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿಯೂ ಬರುತ್ತದೆ. ಮಂಗಳೂರಿನಂಥ ಕಡೆ ಎಸಿಯ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯಲ್ಲಿನ ತೇವವನ್ನು ನೀರು ಮಾಡಲಿಕ್ಕೇ ಹೋಗುತ್ತದೆ, ಹಾಗಾಗಿ ಅಲ್ಲಿ ವ್ಯತ್ಯಾಸ ಕಡಿಮೆ. ಇದೇ ಕಾರಣಕ್ಕೆ "ಪೈಪಿನಿಂದ ನೀರೇ ಬರ್ತಿಲ್ಲ, ಎಸಿ ಕೆಟ್ಟಿದೆ" ಎಂದು ಏಪ್ರಿಲ್‌ನಲ್ಲಿ ಗಾಬರಿಯಾಗಬೇಕಿಲ್ಲ. ಗಾಳಿಯಲ್ಲಿ ತೇವವೇ ಇಲ್ಲದಿರುವಾಗ ನೀರು ಬರುವುದಾದರೂ ಎಲ್ಲಿಂದ?

ರಿಮೋಟಿನ ವಿಷಯ ಬೇಗ ಮುಗಿಸುತ್ತೇನೆ. ಮಕ್ಕಳ ಕೈಗೆ ಸಿಕ್ಕಿ ಫ್ಯಾನ್ ಮೋಡ್‌ಗೋ ಡ್ರೈ ಮೋಡ್‌ಗೋ ಹೋಗಿರುತ್ತದೆ. ಹಿಮದ ಹರಳಿನ ಚಿತ್ರ ಕಾಣುವವರೆಗೆ ಮೋಡ್ ಗುಂಡಿ ಒತ್ತಿ. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎನ್ನುವುದನ್ನೂ ಬಿಡಿ. ಬಿಸಿಯಾದ ಕೋಣೆಯಲ್ಲಿ ಯಂತ್ರ ಹೇಗೂ ತನ್ನ ಪೂರ್ತಿ ತಾಕತ್ತಿನಲ್ಲೇ ಓಡುತ್ತಿರುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಮೊದಲು ಚಾಲೂ ಆಗುವಾಗ 24 ಡಿಗ್ರಿಗೇ ಇರಬೇಕೆಂಬ ನಿಯಮವಿದೆ. ನಮ್ಮ ಸ್ಲ್ಯಾಬಿನ ಕೆಳಗೆ 24 ಸಿಕ್ಕರೆ ಅದೇ ದೊಡ್ಡದು.

ಆಮೇಲೆ ಫಿಲ್ಟರ್. ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನಿಸಬಹುದು, ಆದರೆ ಇದರ ಬಾಲದಲ್ಲಿ ಒಂದು ಮೋಸವಿದೆ. ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಕಾಯಿಲ್ ಮೇಲೆ ಗಾಳಿ ಹಾಯುವುದಿಲ್ಲ. ಕಾಯಿಲ್‌ಗೆ ಶಾಖ ಸಿಗದೆ ಅದು ಇನ್ನೂ ತಣ್ಣಗಾಗಿ ಕೊನೆಗೆ ಮಂಜು ಕಟ್ಟುತ್ತದೆ. ಆ ಸ್ಥಿತಿಯಲ್ಲಿ ಮೆಕ್ಯಾನಿಕ್ ಗೇಜ್ ಹಾಕಿದರೆ ಒತ್ತಡ ಕಡಿಮೆ ತೋರಿಸುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಗೇಜ್ ಹೀಗೇ ತೋರಿಸುತ್ತದೆ! ಅವನು ಗ್ಯಾಸ್ ಹಾಕುತ್ತಾನೆ, ಮುಳ್ಳು ಏರುತ್ತದೆ, ಎಲ್ಲರಿಗೂ ಸಮಾಧಾನ. ಮುಂದೆ ಯಾರೋ ಫಿಲ್ಟರ್ ತೊಳೆದಾಗ ಒಳಗೆ ಬೇಕಾದದ್ದಕ್ಕಿಂತ ಜಾಸ್ತಿ ಗ್ಯಾಸ್ ಇರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಅದಕ್ಕೇ ಗೇಜ್ ಹಾಕುವ ಮೊದಲು ಫಿಲ್ಟರ್ ಮತ್ತು ಎರಡೂ ಕಾಯಿಲ್ ಸ್ವಚ್ಛ ಇವೆಯಾ ಎಂದು ನೋಡಿಕೊಳ್ಳಬೇಕು. ಗೇಜ್ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಕತೆಯನ್ನೂ ಹೇಳುವುದಿಲ್ಲ.

ನಮ್ಮ ಕಾಕಾನ ಮನೆಯಲ್ಲಿ ನಡೆದದ್ದು ಹೊರಗಿನ ಯೂನಿಟ್ಟಿನ ಕತೆ. ಅವರ ಮನೆ ಇರುವುದು ದಾಲ್ ಮಿಲ್ಲುಗಳ ಹತ್ತಿರ. ತೊಗರಿ ಹೊಟ್ಟಿನ ಧೂಳು ವರ್ಷವಿಡೀ ಹಾರುತ್ತದೆ. ಹಿತ್ತಲಲ್ಲಿ ಬೇವಿನ ಮರ ಬೇರೆ. ಯುಗಾದಿ ಹೊತ್ತಿಗೆ ಅದರ ಹೂವು ಉದುರಿ ಎಲ್ಲ ಸಂದಿಗೂ ಹೋಗಿ ಕೂರುತ್ತದೆ. ಎಸಿ ತಂಪು ಮಾಡುವುದಿಲ್ಲ, ಮಧ್ಯಾಹ್ನ ಸ್ವಲ್ಪ ಹೊತ್ತು ಓಡಿ ಹೊರಗಿನ ಯೂನಿಟ್ ಸುಮ್ಮನಾಗಿಬಿಡುತ್ತದೆ. ಬಂದವರು ಹೇಳಿದ್ದು ಗ್ಯಾಸ್. "ಹೋದ ವರ್ಷ ತುಂಬಿಸೀನಲ್ಲೋ, ಮತ್ತ ಎಲ್ಲಿ ಹೋತದು?" ಎಂದು ಕಾಕಾ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಚಿಗವ್ವ ಅಂತೂ ಎಸಿ ಮಾರಿ ಇನ್ನೊಂದು ಕೂಲರ್ ತನ್ನಿ ಎನ್ನುವ ಹಂತಕ್ಕೆ ಬಂದಿದ್ದಳು.

ಆಮೇಲೆ ಬಂದ ಹುಡುಗನೊಬ್ಬ ಗೇಜ್ ತೆಗೆಯಲೇ ಇಲ್ಲ. ಸೀದಾ ಹಿತ್ತಲಿಗೆ ಹೋದ. ಕಳ್ಳರ ಭಯಕ್ಕೆ ಕಾಕಾ ಯೂನಿಟ್ಟಿನ ಸುತ್ತ ಕಬ್ಬಿಣದ ಪೆಟ್ಟಿಗೆ ಮಾಡಿಸಿದ್ದರು. ಬಿಸಿಲು ಬೀಳದಿರಲಿ ಎಂದು ಮೇಲೆ ತಗಡು, ಮುಂದೆ ತಾಡಪತ್ರಿ. "ಕಾಕಾ, ಇದಕ್ಕ ಉಸಿರಾಡ್ಲಾಕ ಜಾಗಾನೇ ಇಲ್ರಿ" ಅಂದ. ಯೂನಿಟ್ ಹಿಂದಿನಿಂದ ಗಾಳಿ ಎಳೆದುಕೊಂಡು ಮುಂದಕ್ಕೆ ಊದುತ್ತದೆ. ಮುಂದೆ ಊದಿದ ಬಿಸಿಗಾಳಿ ತಾಡಪತ್ರಿಗೆ ಬಡಿದು ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಹಿಂದಿನ ಕಾಯಿಲ್ ಮೇಲೆ ಹೊಟ್ಟು, ಹೂವು, ಧೂಳು ಸೇರಿ ಕಂಬಳಿ ದಪ್ಪಕ್ಕೆ ಕೂತಿತ್ತು. ಒಳಗಿನ ಶಾಖ ಹಿತ್ತಲಿನವರೆಗೆ ಬಂದು ಅಲ್ಲೇ ನಿಂತಿತ್ತು. ಒತ್ತಡ ಮಿತಿ ಮೀರಿ, ಕರೆಂಟ್ ಜಾಸ್ತಿ ಎಳೆದು, ಕಂಪ್ರೆಸರ್ ಬಿಸಿಯಾಗಿ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿತ್ತು. ಎಂಸಿಬಿ ಸ್ವಿಚ್ ಇಳಿಸಿ ಕರೆಂಟ್ ತೆಗೆದು, ತಾಡಪತ್ರಿ ಕಿತ್ತು, ಕಾಯಿಲ್ ತೊಳೆದ ಮೇಲೆ ಅವತ್ತು ಸಂಜೆ ಚಿಗವ್ವ ದುಪ್ಪಟಿ ಹುಡುಕಿದಳು. ನೆರಳು ಬೇಕು ನಿಜ, ಆದರೆ ನೆರಳಿಗಿಂತ ಗಾಳಿ ಮುಖ್ಯ. ಮುಂದುಗಡೆ ನಾಲ್ಕೈದು ಅಡಿ ಏನೂ ಅಡ್ಡ ಇರಬಾರದು. ತೊಳೆಯುವಾಗ ನೀರಿನ ಒತ್ತಡ ಜಾಸ್ತಿ ಮಾಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಹೋಗುತ್ತವೆ. ಆಗ ಧೂಳು ಹೋದರೂ ಗಾಳಿ ಹಾಯುವುದಿಲ್ಲ.

ಕೂಲರ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಕೂಲರ್ ಇಲ್ಲದ ಮನೆ ಕಡಿಮೆ. ಒಣ ಹವೆಗೆ ಅದಕ್ಕಿಂತ ಒಳ್ಳೆಯ, ಅಗ್ಗದ ಸಾಧನ ಇಲ್ಲ. ಆದರೆ ಎಸಿ ಸಾಲುತ್ತಿಲ್ಲ ಎಂದು ಅದೇ ಕೋಣೆಯಲ್ಲಿ ಕೂಲರನ್ನೂ ಹಾಕುವವರಿದ್ದಾರೆ. ಕೂಲರ್ ಗಾಳಿಗೆ ತೇವ ಸೇರಿಸಿ ತಂಪು ಮಾಡುತ್ತದೆ. ಎಸಿ ಆ ತೇವವನ್ನು ಮತ್ತೆ ನೀರು ಮಾಡಿ ಹೊರಗೆ ಹಾಕಬೇಕು. ಒಂದು ಲೀಟರ್ ನೀರು ಹಿಂಡಲು ಒಂದೂವರೆ ಟನ್ ಎಸಿಯ ಪೂರ್ತಿ ಶಕ್ತಿ ಸುಮಾರು ಎಂಟು ನಿಮಿಷ ಬೇಕು. ಕೂಲರ್ ಗಂಟೆಗೆ ಹಲವು ಲೀಟರ್ ಕುಡಿಯುತ್ತದೆ, ನೀವೇ ಲೆಕ್ಕ ಹಾಕಿ. ಅಸಲಿಗೆ ಎಸಿ ಹುಟ್ಟಿದ್ದೇ ತೇವ ತೆಗೆಯಲು. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣ ಆಚೀಚೆ ಆಗುವುದನ್ನು ತಡೆಯಲು ಆ ಯಂತ್ರದ ನಕ್ಷೆ ಬರೆದ. ಮನುಷ್ಯರ ಸುಖ ಆಮೇಲೆ ಬಂದದ್ದು. ಕೂಲರ್ ಇರಲಿ, ಹಾಲ್‌ನಲ್ಲಿ ಕಿಟಕಿ ತೆರೆದು ಹಾಕಿ. ಎಸಿ ಕೋಣೆಯಲ್ಲಿ ಬೇಡ.

ಹೊರಗಿನ ಯೂನಿಟ್ಟಿನ ಫ್ಯಾನ್ ತಿರುಗುತ್ತಿದ್ದರೂ ಕಂಪ್ರೆಸರ್ ನಿಂತಿರಬಹುದು. ಮಹಡಿಯ ಸಜ್ಜೆಯ ಮೇಲಿದ್ದರೆ ಹತ್ತಿ ನೋಡಲೂ ಆಗುವುದಿಲ್ಲ. ಇದಕ್ಕೆ ನನಗೆ ಇಷ್ಟವಾದ ಉಪಾಯ ಮನೆಯ ಕರೆಂಟ್ ಮೀಟರ್. ಅದರಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಸಲ ಎಂದು ಮೀಟರಿನ ಮೇಲೇ ಬರೆದಿರುತ್ತದೆ, ಹಲವು ಮೀಟರ್‌ಗಳಲ್ಲಿ ಅದು 3200. ಫ್ರಿಜ್, ಫ್ಯಾನ್, ಟಿವಿ ಎಲ್ಲ ಆರಿಸಿ ಬರೀ ಎಸಿ ಹಾಕಿ. ಒಂದೂವರೆ ಕಿಲೋವ್ಯಾಟ್ ಎಳೆಯುವ ಎಸಿಯಾದರೆ ಅಂಥ ಮೀಟರ್ ನಿಮಿಷಕ್ಕೆ 80 ಸಲ ಮಿಣುಕಬೇಕು. ಬರೀ ಫ್ಯಾನ್ ಓಡುತ್ತಿದ್ದರೆ ನಿಮಿಷಕ್ಕೆ ನಾಲ್ಕಾರು ಸಲ ಮಾತ್ರ. ಗೇಟಿನ ಹತ್ತಿರ ನಿಂತೇ ಗೊತ್ತಾಗುತ್ತದೆ. ಇನ್ವರ್ಟರ್ ಎಸಿ ಕೋಣೆ ತಣ್ಣಗಾದ ಮೇಲೆ ನಿಧಾನವಾಗುತ್ತದೆ, ಹಾಗಾಗಿ ಕೋಣೆ ಬಿಸಿಯಿರುವಾಗಲೇ ನೋಡಬೇಕು.

ಕಂಪ್ರೆಸರ್ ಓಡುತ್ತಿಲ್ಲ ಎಂದಾದರೆ ಹಳೆಯ ಮಾದರಿಯ (ಇನ್ವರ್ಟರ್ ಅಲ್ಲದ) ಎಸಿಯಲ್ಲಿ ಮೊದಲ ಅನುಮಾನ ಕಂಪ್ರೆಸರ್ ಚಾಲೂ ಆಗಲು ನೆರವಾಗುವ ಕೆಪಾಸಿಟರ್ ಮೇಲೆ. ಬೇಸಿಗೆಯ ಬಿಸಿ ಅದಕ್ಕೆ ಆಗುವುದಿಲ್ಲ. ಮೇಲ್ಭಾಗ ಉಬ್ಬಿರುತ್ತದೆ, ಕಂಪ್ರೆಸರ್ ಗುಂಯ್ ಎಂದು ನರಳಿ ಮತ್ತೆ ನಿಲ್ಲುತ್ತದೆ. ಅಗ್ಗದ ಬಿಡಿಭಾಗ, ಆದರೆ ಕರೆಂಟ್ ತೆಗೆದ ಮೇಲೂ ಅದರೊಳಗೆ ಶಾಕ್ ಉಳಿದಿರುತ್ತದೆ. ಮೆಕ್ಯಾನಿಕ್ಕೇ ಮುಟ್ಟಲಿ. ಎರಡನೆಯದು ವೋಲ್ಟೇಜ್. ಓಣಿಯವರೆಲ್ಲ ಒಟ್ಟಿಗೆ ಎಸಿ ಹಾಕುವ ರಾತ್ರಿ ಒಂಬತ್ತರ ಹೊತ್ತಿಗೆ ವೋಲ್ಟೇಜ್ ಬಿದ್ದರೆ ಸ್ಟೆಬಿಲೈಜರ್ ಕಂಪ್ರೆಸರನ್ನು ತಡೆಯುತ್ತದೆ. ಮತ್ತೆ ಕರೆಂಟ್ ಕೊಡಲು ಮೂರು ನಿಮಿಷ ಕಾಯುತ್ತದೆ. ಆ ಮೂರು ನಿಮಿಷದಲ್ಲಿ ನಾವು ಸುಮ್ಮನೆ ರಿಮೋಟ್ ಒತ್ತುತ್ತಲೇ ಇರುತ್ತೇವೆ.

ಇಷ್ಟೆಲ್ಲ ಸರಿಯಿದ್ದೂ ತಂಪಿಲ್ಲ ಎಂದರೆ ಗ್ಯಾಸ್ ಮೇಲೆ ಅನುಮಾನಪಡಬಹುದು. ಆಗಲೂ ಕಣ್ಣಿಗೆ ಕಾಣುವ ಗುರುತುಗಳಿವೆ. ಹೊರಗಿನ ಯೂನಿಟ್ಟಿಗೆ ಎರಡು ಪೈಪ್ ಸೇರುತ್ತವೆ. ದಪ್ಪನೆಯದು ತಣ್ಣಗಿರಬೇಕು. ಸಣ್ಣದರ ಮೇಲೆ ಮಂಜು ಕಟ್ಟಿದ್ದು ದಪ್ಪನೆಯದು ಬೆಚ್ಚಗಿದ್ದರೆ ಗ್ಯಾಸ್ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಪೈಪ್ ಸೇರುವ ಫ್ಲೇರ್ ನಟ್ ಹತ್ತಿರ ಎಣ್ಣೆ ಕಲೆ, ಅದಕ್ಕೆ ಅಂಟಿದ ಧೂಳು ಕಂಡರೆ ಸೋರಿಕೆ ಅಲ್ಲೇ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಸಾಕ್ಷಿಯಾಗಿ ಉಳಿಯುತ್ತದೆ.

ಸರಿಯಾದ ರಿಪೇರಿಗೆ ಸ್ವಲ್ಪ ಹೊತ್ತು ಬೇಕು. ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಆ ಜಾಗ ಸರಿಮಾಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. ಕೊನೆಗೆ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಎಂದು ಯೂನಿಟ್ಟಿನ ಪಟ್ಟಿಯ ಮೇಲೇ ಬರೆದಿರುತ್ತದೆ. ಹಳೆಯ ಎಸಿಗಳ ಆರ್-22 ಎಂಬ ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಹಂತಹಂತವಾಗಿ ಹೋಗುತ್ತಿದೆ. ಈಗ ಹೆಚ್ಚಾಗಿ ಬರುವುದು ಆರ್-32. ಇದು ಓಝೋನ್‌ಗೆ ತೊಂದರೆ ಮಾಡುವುದಿಲ್ಲ, ಆದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ, ಒತ್ತಡವೂ ಆರ್-22ಕ್ಕಿಂತ ಬಹಳ ಜಾಸ್ತಿ. ಒಂದರ ಗೇಜಿನಲ್ಲಿ, ಒಂದರ ಅಂದಾಜಿನಲ್ಲಿ ಇನ್ನೊಂದನ್ನು ತುಂಬಬಾರದು. ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನೈಟ್ರೋಜನ್ ಇಲ್ಲವೆಂದು ಯಾರಾದರೂ ವೆಲ್ಡಿಂಗ್‌ನ ಆಕ್ಸಿಜನ್ ಸಿಲಿಂಡರ್ ಜೋಡಿಸಿ ಒತ್ತಡ ನೋಡಲು ಹೊರಟರೆ ಅಲ್ಲೇ ತಡೆಯಿರಿ. ಕಂಪ್ರೆಸರ್ ಎಣ್ಣೆ ಮತ್ತು ಆಕ್ಸಿಜನ್ ಸೇರಿದರೆ ಸ್ಫೋಟವಾಗುತ್ತದೆ.

ಇಷ್ಟು ಓದಿ ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂದುಕೊಳ್ಳಬೇಡಿ. 42 ಡಿಗ್ರಿ ಬಿಸಿಲಲ್ಲಿ ಮೂರನೇ ಮಹಡಿಯ ಸಜ್ಜೆಯ ಮೇಲೆ, ಸೊಂಟಕ್ಕೆ ಹಗ್ಗವೂ ಇಲ್ಲದೆ ಕೂತು ಕೆಲಸ ಮಾಡುವವರು ಅವರು. ಬಂದು ನೋಡಿ, ಅರ್ಧ ಗಂಟೆ ಹುಡುಕಿ, "ನಿಮ್ಮ ತಾಡಪತ್ರಿ ತೆಗೀರಿ" ಎಂದು ಹೇಳಿದ್ದಕ್ಕೆ ನಾವು ಕೊಡುವುದು ಕೆಲವು ನೂರು ರೂಪಾಯಿ, ಅದಕ್ಕೂ ಚೌಕಾಸಿ. ಗ್ಯಾಸ್ ತುಂಬಿದರೆ ಮರುಮಾತಿಲ್ಲದೆ ಸಾವಿರಗಳಲ್ಲಿ ಕೊಡುತ್ತೇವೆ. ಹುಡುಕುವುದಕ್ಕೆ ಬೆಲೆಯಿಲ್ಲ, ತುಂಬುವುದಕ್ಕೆ ಬೆಲೆಯಿದೆ ಎಂದು ನಾವೇ ಕಲಿಸಿಕೊಟ್ಟ ಹಾಗಾಯಿತು, ಅಲ್ವಾ? ಕಾಕಾನ ಮನೆಗೆ ಬಂದ ಆ ಹುಡುಗನಿಗೆ ಕಾಕಾ ಗ್ಯಾಸಿನ ಅರ್ಧ ರೇಟು ಕೊಟ್ಟರು. ಹುಡುಗನಿಗೇ ಆಶ್ಚರ್ಯ.

ಸ್ಲ್ಯಾಬಿನ ಮೇಲೆ ಸುಣ್ಣವನ್ನೋ ಬಿಳಿ ಕೂಲ್ ರೂಫ್ ಬಣ್ಣವನ್ನೋ ಬಳಿಯುವುದು ಎಸಿ ರಿಪೇರಿಯ ಪಟ್ಟಿಯಲ್ಲೇ ಬರಬೇಕು ಎನ್ನುವುದು ನನ್ನ ವಾದ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿದೆ. ಒಳಗೆ ಬರುವ ಶಾಖ ಕಡಿಮೆಯಾದರೆ ಅದೇ ಒಂದೂವರೆ ಟನ್ ಸಾಕಾಗುತ್ತದೆ. ಎರಡು ಟನ್ ಕೊಳ್ಳುವ ದುಡ್ಡಿನಲ್ಲಿ ಎಷ್ಟು ಡಬ್ಬಿ ಬಣ್ಣ ಬರುತ್ತದೋ ನೋಡಿ. ಇದನ್ನು ಫೆಬ್ರುವರಿಯಲ್ಲೇ ಮಾಡಿಸಿ, ಸರ್ವಿಸ್ ಕೂಡ ಆಗಲೇ. ಏಪ್ರಿಲ್ ಎರಡನೇ ವಾರದ ಮೇಲೆ ಯಾವ ಮೆಕ್ಯಾನಿಕ್ಕೂ ಫೋನ್ ಎತ್ತುವುದಿಲ್ಲ.

ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ದೂರು ಬದಲಾಗುತ್ತದೆ. ಗಾಳಿಯಲ್ಲಿ ತೇವ ಏರಿ ಎಸಿ ನೀರು ಹಿಂಡಲು ಶುರುಮಾಡುತ್ತದೆ. ಬೇಸಿಗೆಯಿಡೀ ಒಣಗಿದ್ದ ಡ್ರೈನ್ ಪೈಪಿನಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ, ನೀರು ಗೋಡೆಗಿಳಿಯುತ್ತದೆ. ಆ ಮೊದಲೇ ಒಂದು ದಿನ ಎಸಿ ಆರಿಸಿ, ಫಿಲ್ಟರ್ ತೆಗೆದು, ಕಾಯಿಲ್‌ನ ಕೆಳಗಿನ ತಟ್ಟೆಗೆ ನಿಧಾನವಾಗಿ ಒಂದು ಲೋಟ ನೀರು ಬಿಡಿ. ಹೊರಗಿನ ತುದಿಯಲ್ಲಿ ಅದು ಬರದಿದ್ದರೆ ಪೈಪ್ ಕಟ್ಟಿದೆ ಎಂದರ್ಥ.